ಶೂನ್ಯ ಬಿಲ್ಲಿನ ಒಳಲೆಕ್ಕ

ಯಾದಗಿರಿ ರೈಲು ನಿಲ್ದಾಣದಲ್ಲಿ ಗಾಡಿಗಾಗಿ ಕಾದು ಕುಳಿತವರಿಗೆ ಕಲ್ಲಿದ್ದಲು ಹೇರಿಕೊಂಡ ಗೂಡ್ಸ್ ಗಾಡಿ ಎದುರಿಗೆ ಹಾದುಹೋಗುವುದು ಅಪರೂಪದ ದೃಶ್ಯವೇನಲ್ಲ. ವಾಡಿಯ ಕಡೆಯಿಂದ ಬರುವ ಆ ಗಾಡಿ ನಿಲ್ಲುವುದಿಲ್ಲ. ಐವತ್ತಕ್ಕೂ ಮಿಕ್ಕಿದ ವ್ಯಾಗನ್ನುಗಳು ಪ್ಲಾಟ್‌ಫಾರಂ ನಡುಗಿಸುತ್ತ ಕೃಷ್ಣಾ ಸೇತುವೆಯತ್ತ ಸಾಗುತ್ತವೆ. ಕಳೆದ ಬಾರಿ ಅಲ್ಲಿ ಕುಳಿತಿದ್ದಾಗ ನನ್ನ ಪಕ್ಕದಲ್ಲಿ ಸುರಪುರ ತಾಲ್ಲೂಕಿನ ಹಳ್ಳಿಯೊಂದರ ಕುಟುಂಬವಿತ್ತು. ಗಂಟುಮೂಟೆ, ಒಂದು ಸ್ಟೀಲಿನ ಕೊಡ, ನಿದ್ದೆಗಣ್ಣಿನ ಎರಡು ಮಕ್ಕಳು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಟವರು. ಮಳೆ, ತೊಗರಿ, ಸಾಲದ ಮಾತು ಮುಗಿದು ಕರೆಂಟಿನ ಮಾತು ಬಂದಾಗ ಮನೆಯ ಹಿರಿಯ ಹೇಳಿದ: 'ಬಿಲ್ಲೇನೋ ಸೊನ್ನಿ ಬರ್ತದ್ರೀ ಸರ. ಆದ್ರ ಲೈಟ್ ಹಚ್ಚಲಾಕ ಮನ್ಯಾಗ ಇರಬೇಕಲ್ರೀ. ಊರಿಗಿ ಬಂದು ನಾಕು ದಿನ ಫ್ಯಾನ್ ಹಾಕಿದ್ರ ಸೊನ್ನಿ ಹೋಗಿ ರೊಕ್ಕ ಬರ್ತದ.'

ಆತನ ಮಾತಿನಲ್ಲಿ ದೂರು ಇರಲಿಲ್ಲ, ಒಂದು ಬಗೆಯ ಸೋಜಿಗವಿತ್ತು. ಆ ಸೋಜಿಗ ನನ್ನನ್ನು ಬಹಳ ದಿನ ಕಾಡಿತು. ಏಕೆಂದರೆ ನಾನು ಹುಟ್ಟಿ ಬೆಳೆದದ್ದು ಶಹಾಪುರದಲ್ಲಾದರೂ ಈಗ ಮನೆ ಮಾಡಿಕೊಂಡಿರುವುದು ಬೆಂಗಳೂರಿನಲ್ಲಿ. ನನ್ನ ಮನೆಗೂ ಸೊನ್ನೆ ಬಿಲ್ಲೇ ಬರುತ್ತದೆ. ಆದರೆ ನನ್ನ ಸೊನ್ನೆಗೂ ಆತನ ಸೊನ್ನೆಗೂ ನಡುವೆ ಇರುವ ಅಂತರವನ್ನು ಲೆಕ್ಕ ಹಾಕಿ ನೋಡಿದಾಗ, ಈ ರಾಜ್ಯ ವಿದ್ಯುತ್ತನ್ನು ಎಲ್ಲಿ ಉತ್ಪಾದಿಸುತ್ತದೆ, ಯಾರಿಗೆ ಕೊಡುತ್ತದೆ, ಬೆಲೆಯನ್ನು ಯಾರ ಹೆಗಲಿಗೆ ಹಾಕುತ್ತದೆ ಎಂಬ ದೊಡ್ಡ ಪ್ರಶ್ನೆಯೇ ಅದರಲ್ಲಿ ಅಡಗಿದೆ ಎನಿಸಿತು.

ಗೃಹಜ್ಯೋತಿ ಯೋಜನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು 2023ರ ಆಗಸ್ಟ್ 5ರಂದು ವಿಧ್ಯುಕ್ತ ಚಾಲನೆ ನೀಡಿದ್ದು ನಮ್ಮದೇ ಕಲಬುರಗಿಯಲ್ಲಿ. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಎಂಬುದು ಜನರ ಬಾಯಲ್ಲಿ ನಿಂತ ಮಾತು. ನಿಯಮ ಹಾಗಿಲ್ಲ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿದರೆ ಬರುವಷ್ಟೇ ಅದರ ಪಾಲು. 200 ಎಂಬುದು ಹಕ್ಕಲ್ಲ, ಮೇಲಿನ ಮಿತಿ. ಪಾಲಿಗಿಂತ ಹೆಚ್ಚು ಬಳಸಿದರೆ ಹೆಚ್ಚುವರಿಗೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು. ತೀರ ಕಡಿಮೆ ಬಳಸುವವರಿಗೆ ಶೇ 10 ಎಂದರೆ ಎರಡೋ ಮೂರೋ ಯೂನಿಟ್ ಆಗುತ್ತದೆಂಬುದು ಸರ್ಕಾರಕ್ಕೂ ಹೊಳೆದು, 2024ರ ಜನವರಿಯಲ್ಲಿ 48 ಯೂನಿಟ್‌ಗಿಂತ ಕಡಿಮೆ ಸರಾಸರಿಯವರಿಗೆ ಶೇಕಡಾವಾರಿನ ಬದಲು 10 ಯೂನಿಟ್ ಹೆಚ್ಚುವರಿಯಾಗಿ ಕೊಡುವ ತೀರ್ಮಾನವಾಯಿತು. ಇಡೀ ರಾಜ್ಯದ ಗೃಹಬಳಕೆಯ ಸರಾಸರಿಯೇ ತಿಂಗಳಿಗೆ 53 ಯೂನಿಟ್ ಎಂದು ಸರ್ಕಾರ ಆಗ ಲೆಕ್ಕ ಕೊಟ್ಟಿತ್ತು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಈಗ ಪ್ಲಾಟ್‌ಫಾರಮಿನ ಆ ಕುಟುಂಬಕ್ಕೆ ಬರೋಣ. ವರ್ಷದಲ್ಲಿ ಆರು ತಿಂಗಳು ಮನೆಗೆ ಬೀಗ. ಉಳಿದ ಆರು ತಿಂಗಳು ಎರಡು ಬಲ್ಬು, ಒಂದು ಫ್ಯಾನು, ಒಂದು ಟಿ.ವಿ. ಸೇರಿ ತಿಂಗಳಿಗೆ 60 ಯೂನಿಟ್ ಬಳಸುತ್ತಾರೆಂದು ಇಟ್ಟುಕೊಳ್ಳಿ. ಹನ್ನೆರಡು ತಿಂಗಳ ಸರಾಸರಿ 30 ಯೂನಿಟ್. ಹತ್ತು ಸೇರಿಸಿದರೆ 40. ಊರಿಗೆ ಬಂದು ಸಹಜವಾಗಿ ಬದುಕಿದ ತಿಂಗಳಿನಲ್ಲಿ 20 ಯೂನಿಟ್‌ಗೆ ಅವರು ಹಣ ಕಟ್ಟಬೇಕು. ಬೆಂಗಳೂರಿನಲ್ಲಿ 180 ಯೂನಿಟ್ ಸರಾಸರಿಯ ನನ್ನಂಥವನ ಮನೆಗೆ 198 ಯೂನಿಟ್ ಉಚಿತ. 2024ರ ದರದಂತೆ ಯೂನಿಟ್‌ಗೆ 5 ರೂಪಾಯಿ 90 ಪೈಸೆ ಹಿಡಿದರೆ ಸರ್ಕಾರ ನನ್ನ ಪರವಾಗಿ ತಿಂಗಳಿಗೆ 1,168 ರೂಪಾಯಿ ಕಟ್ಟುತ್ತದೆ. ಆತನ ಪರವಾಗಿ 236 ರೂಪಾಯಿ. ಹಿಂದಿನ ವರ್ಷದ ಬಡತನವೇ ಮುಂದಿನ ವರ್ಷಗಳ ಪಾಲಿನ ಅಳತೆಗೋಲಾದರೆ ಹೀಗಾಗದೆ ಇನ್ನೇನಾಗುತ್ತದೆ? ಗುಳೆ ಹೋದವನ ಬೀಗವನ್ನು ಮಿತವ್ಯಯವೆಂದು ಲೆಕ್ಕಕ್ಕೆ ಹಿಡಿದ ಯೋಜನೆ ಇದು.

ದರದ ವಿಚಾರದಲ್ಲಿ ಇನ್ನೊಂದು ಸೂಕ್ಷ್ಮವಿದೆ, ಪತ್ರಿಕೆಗಳಲ್ಲಿ ಅಷ್ಟಾಗಿ ಚರ್ಚೆಯಾಗದ್ದು. ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ 2023ರ ಮೇ ತಿಂಗಳಿನಲ್ಲಿ ನೀಡಿದ ಆದೇಶದಲ್ಲಿ ಗೃಹಬಳಕೆಗೆ ಎರಡು ಮೆಟ್ಟಿಲುಗಳಿದ್ದವು. 100 ಯೂನಿಟ್‌ವರೆಗೆ ಬಳಸುವವರಿಗೆ ಯೂನಿಟ್‌ಗೆ 4 ರೂಪಾಯಿ 75 ಪೈಸೆ; ಅದಕ್ಕಿಂತ ಹೆಚ್ಚು ಬಳಸುವವರಿಗೆ 7 ರೂಪಾಯಿ. 2024ರ ಫೆಬ್ರುವರಿ ಕೊನೆಯ ಆದೇಶದಲ್ಲಿ ಮೆಟ್ಟಿಲುಗಳನ್ನು ಕಿತ್ತು ಎಲ್ಲರಿಗೂ 5 ರೂಪಾಯಿ 90 ಪೈಸೆ ಎಂದಾಯಿತು. 'ದರ ಯೂನಿಟ್‌ಗೆ 1 ರೂಪಾಯಿ 10 ಪೈಸೆ ಇಳಿಕೆ' ಎಂಬ ಸುದ್ದಿಯನ್ನು ನಾವೆಲ್ಲ ಸಂತೋಷದಿಂದ ಓದಿದೆವು. ಅದು ಹೆಚ್ಚು ಬಳಸುವವರ ಪಾಲಿನ ಸತ್ಯ. ಕಡಿಮೆ ಬಳಸುವವರ ದರ 1 ರೂಪಾಯಿ 15 ಪೈಸೆ ಏರಿತ್ತು. ಆ ಏರಿಕೆ ಕಣ್ಣಿಗೆ ಬೀಳಲಿಲ್ಲ. ಏಕೆಂದರೆ ಬಡವರ ಬಿಲ್ಲನ್ನು ಸರ್ಕಾರವೇ ಕಟ್ಟುತ್ತಿತ್ತು. ಆದರೆ ಪಾಲು ಮೀರಿ 20 ಯೂನಿಟ್ ಬಳಸಿದ ಗುಳೆ ಕುಟುಂಬ ಆ 20 ಯೂನಿಟ್‌ಗೆ ಕಟ್ಟುವುದು ಹಳೆಯ ಬಡವರ ದರವನ್ನಲ್ಲ, ಹೊಸ ಏಕರೂಪ ದರವನ್ನು. 2025ರ ಆದೇಶದಲ್ಲಿ ಅದು 10 ಪೈಸೆ ಇಳಿದು 5 ರೂಪಾಯಿ 80 ಪೈಸೆಯಾಯಿತು. ಜೊತೆಗೇ ನಿಗದಿತ ಶುಲ್ಕ ಏರಿತು, ನೌಕರರ ಪಿಂಚಣಿ ಬಾಬ್ತಿಗೆ 36 ಪೈಸೆ ಸೇರಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯುವ ಈ ವಿದ್ಯೆ ಎಲ್ಲ ಸರ್ಕಾರಗಳಿಗೂ ಕರಗತ.

ಹಾಗಾದರೆ ಆ ಕಪ್ಪು ಗಾಡಿ ಎಲ್ಲಿಗೆ ಹೋಗುತ್ತದೆ?

ಕನ್ನಡನಾಡಿನ ವಿದ್ಯುತ್ತಿನ ಚರಿತ್ರೆಯನ್ನು ನಾವು ಶಾಲೆಯಲ್ಲಿ ಓದಿದ್ದು ನೀರಿನ ಚರಿತ್ರೆಯಾಗಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ, ಆಮೇಲೆ ಜೋಗ, ಶರಾವತಿ. ಇವೆಲ್ಲ ಮೈಸೂರು ಸಂಸ್ಥಾನದ, ಹಳೆಯ ಮೈಸೂರು ರಾಜ್ಯದ ಕಥೆಗಳು. ಸುರಪುರ, ಶಹಾಪುರ, ಯಾದಗಿರಿಗಳು ಆಗ ನಿಜಾಮನ ರಾಜ್ಯದ ಅಂಚಿನ ಊರುಗಳು. 1956ರಲ್ಲಿ ನಾವು ಒಂದಾದ ಮೇಲೂ ಬೆಳಕು ದಕ್ಷಿಣದಿಂದ ಉತ್ತರಕ್ಕೆ ನಿಧಾನವಾಗಿಯೇ ಬಂತು. ಜಲವಿದ್ಯುತ್ತೊಂದನ್ನೇ ನೆಚ್ಚಿದ್ದ ರಾಜ್ಯ ಮಳೆ ಕೈಕೊಟ್ಟಾಗಲೆಲ್ಲ ಕತ್ತಲಾಗುತ್ತಿತ್ತು. ಆಗ ಮೊದಲ ದೊಡ್ಡ ಶಾಖೋತ್ಪನ್ನ ಕೇಂದ್ರಕ್ಕೆ ಜಾಗ ಹುಡುಕಿದ್ದು ಕೃಷ್ಣೆಯ ದಂಡೆಯಲ್ಲಿ. ರಾಯಚೂರಿನ ಶಕ್ತಿನಗರದಲ್ಲಿ 210 ಮೆಗಾವಾಟ್‌ನ ಮೊದಲ ಘಟಕ 1985ರಲ್ಲಿ ಶುರುವಾಯಿತು. ಈಗ ಎಂಟು ಘಟಕಗಳು, ಒಟ್ಟು 1,720 ಮೆಗಾವಾಟ್. ಬಳ್ಳಾರಿಯ ಕುಡತಿನಿಯಲ್ಲಿ 1,700. ಯರಮರಸ್‌ನಲ್ಲಿ 1,600. ಮೂರನ್ನು ಕೂಡಿದರೆ 5,020 ಮೆಗಾವಾಟ್. ರಾಜ್ಯ ಸರ್ಕಾರಿ ವಲಯದ ಕಲ್ಲಿದ್ದಲು ವಿದ್ಯುತ್ ಸಾಮರ್ಥ್ಯವೆಲ್ಲ ರಾಯಚೂರು, ಬಳ್ಳಾರಿ ಎಂಬ ಎರಡು ಜಿಲ್ಲೆಗಳಲ್ಲಿ ಕುಳಿತಿದೆ. ಮೇಲೆ ನಮ್ಮ ನೆರೆಯ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್.

ಇದಕ್ಕೆ ತಾಂತ್ರಿಕ ಕಾರಣಗಳಿವೆ. ಸಿಂಗರೇಣಿ, ಚಂದ್ರಾಪುರದ ಗಣಿಗಳಿಗೆ ಈ ಭಾಗ ಹತ್ತಿರ, ರೈಲು ಮಾರ್ಗವಿದೆ, ನದಿಯಿದೆ. ಒಪ್ಪೋಣ. ಆದರೆ 2007ರ ಸುಮಾರಿಗೆ ಮೈಸೂರು ಜಿಲ್ಲೆಯ ಚಾಮಲಾಪುರದಲ್ಲಿ ಶಾಖೋತ್ಪನ್ನ ಸ್ಥಾವರದ ಪ್ರಸ್ತಾಪ ಬಂದಾಗ ಏನಾಯಿತೆಂಬುದನ್ನೂ ನೆನೆಯೋಣ. ಸಾಹಿತಿಗಳು, ವಿಜ್ಞಾನಿಗಳು, ರೈತರು ಒಂದಾಗಿ ವಿರೋಧಿಸಿದರು, ಪ್ರಸ್ತಾಪ ಬಿದ್ದುಹೋಯಿತು. ಒಳ್ಳೆಯದೇ ಆಯಿತು, ನನ್ನ ತಕರಾರಿಲ್ಲ. ಕೂಡಗಿಯ ರೈತರೂ 2014ರಲ್ಲಿ ವಿರೋಧಿಸಿದರು. ಅಲ್ಲಿ ಗೋಲಿಬಾರ್ ಆಯಿತು, ಸ್ಥಾವರವೂ ಆಯಿತು. ಎಲ್ಲಿಯ ದನಿಗೆ ಎಷ್ಟು ತೂಕ ಎಂಬುದಕ್ಕೂ ಈ ರಾಜ್ಯದಲ್ಲಿ ಒಂದು ಅಲಿಖಿತ ದರಪಟ್ಟಿ ಇದೆ.

ರಾಯಚೂರು ಕೇಂದ್ರದ ಎಂಟೂ ಘಟಕಗಳು ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ದಿನಕ್ಕೆ ಸುಮಾರು 25 ಸಾವಿರ ಟನ್ ಕಲ್ಲಿದ್ದಲು ಬೇಕು, ಅಂದರೆ ಏಳೆಂಟು ಗಾಡಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬೂದಿಯೇ ಇರುತ್ತದೆ. ವಿದ್ಯುತ್ ತಂತಿಯ ಮೇಲೆ ನೂರಾರು ಕಿಲೋಮೀಟರ್ ಹೋಗುತ್ತದೆ. ಬೂದಿಯ ಬಹುಪಾಲು ಸಿಮೆಂಟ್ ಕಾರ್ಖಾನೆಗೆ ಹೋದರೂ ಉಳಿದದ್ದು ಹೊಂಡದಲ್ಲಿ, ಗಾಳಿಯಲ್ಲಿ ಇಲ್ಲೇ ಉಳಿಯುತ್ತದೆ.

ನೀರಿನ ಕಥೆ ಇನ್ನೂ ಹತ್ತಿರದ್ದು. ನಾರಾಯಣಪುರದ ಬಸವಸಾಗರ ಜಲಾಶಯ ನಮ್ಮ ಮೂರೂ ತಾಲ್ಲೂಕುಗಳ ಜೀವನಾಡಿ. ಅದರ ಎಡದಂಡೆ ಕಾಲುವೆ ಬಂದ ಮೇಲೆಯೇ ಸುರಪುರ, ಶಹಾಪುರದ ಕಪ್ಪು ಮಣ್ಣಿನಲ್ಲಿ ಭತ್ತ ಕಂಡದ್ದು. ಕೊನೆಯ ಭಾಗದ ರೈತರಿಗೆ ನೀರು ಇಂದಿಗೂ ಹೋರಾಟದ ವಸ್ತುವೇ. ಅದೇ ಜಲಾಶಯದಿಂದ ಬೇಸಿಗೆಯಲ್ಲಿ ಶಕ್ತಿನಗರದ ಕೇಂದ್ರಕ್ಕಾಗಿ ನದಿಗೆ ನೀರು ಬಿಡಲಾಗುತ್ತದೆ. ಬರದ ವರ್ಷಗಳಲ್ಲಿ ಆ ನೀರನ್ನು ನಡುದಾರಿಯಲ್ಲಿ ಯಾರೂ ಎತ್ತಬಾರದೆಂದು ನದಿದಂಡೆಯ ಪಂಪ್‌ಸೆಟ್‌ಗಳ ಕರೆಂಟ್ ಕಡಿತಗೊಳಿಸುವುದು ಇಲ್ಲಿನವರಿಗೆ ಹೊಸತಲ್ಲ. ಕುಡಿಯುವ ನೀರಿಗೆ ಇಂಥ ಬಿಗಿ ಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ವಿದ್ಯುತ್ ಉತ್ಪಾದಿಸುವ ನೀರು ಕಣ್ಣೆದುರು ಹರಿದುಹೋಗಲೆಂದು ತಮ್ಮ ಹೊಲದ ವಿದ್ಯುತ್ತನ್ನು ಕಳೆದುಕೊಳ್ಳುವ ರೈತನ ಮನಸ್ಸನ್ನು ರಾಜಧಾನಿಯಲ್ಲಿ ಕುಳಿತು ಊಹಿಸುವುದು ಸುಲಭವಲ್ಲ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ: ಕರ್ನಾಟಕ ಈಗ ಕಲ್ಲಿದ್ದಲನ್ನೇ ನೆಚ್ಚಿದ ರಾಜ್ಯವೇ? ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್, ಚಿತ್ರದುರ್ಗ, ಗದಗದ ಗಾಳಿಯಂತ್ರಗಳು, ಶರಾವತಿ, ಕಾಳಿ ಎಲ್ಲವನ್ನೂ ಕೂಡಿದರೆ ಸ್ಥಾಪಿತ ಸಾಮರ್ಥ್ಯದ ಅರ್ಧಕ್ಕಿಂತ ಹೆಚ್ಚು ನವೀಕರಿಸಬಹುದಾದ ಮೂಲಗಳಿಂದಲೇ ಬರುತ್ತದಲ್ಲ? ಹೌದು, ಕಾಗದದ ಮೇಲೆ ನಾವು ಹಸಿರು. ಆದರೆ ಸೂರ್ಯ ಮುಳುಗಿದ ಮೇಲೆ, ಮಳೆಗಾಲದ ಗಾಳಿ ನಿಂತ ಮೇಲೆ, ಅಣೆಕಟ್ಟೆಗಳು ತಳ ಕಂಡ ಮೇಲೆ ನಮ್ಮನ್ನು ಕಾಯುವುದು ಕಲ್ಲಿದ್ದಲೇ. 2023ರಲ್ಲಿ ಇದು ಎಲ್ಲರಿಗೂ ಮನವರಿಕೆಯಾಯಿತು. 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದ ವರ್ಷ ಅದು. ಮುಂಗಾರು ಸೋತು, ಪಂಪ್‌ಸೆಟ್‌ಗಳು ಮಳೆಗಾಲದಲ್ಲೇ ಓಡತೊಡಗಿ, ಅಕ್ಟೋಬರ್‌ನಲ್ಲಿ ಬೇಡಿಕೆ ಬೇಸಿಗೆಯ ಮಟ್ಟ ಮುಟ್ಟಿತು. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಬಳಸಿ, ಖಾಸಗಿ ಉತ್ಪಾದಕರು ರಾಜ್ಯದ ಜಾಲಕ್ಕೇ ವಿದ್ಯುತ್ ಕೊಡಬೇಕೆಂದು ಆದೇಶಿಸಬೇಕಾಯಿತು. ರೈತರಿಗೆ ಏಳು ಗಂಟೆಯ ತ್ರಿಫೇಸ್ ಐದು ಗಂಟೆಗೆ ಇಳಿಯಿತು. ಬೀದಿಗಿಳಿದ ಮೇಲೆ ಏಳಕ್ಕೆ ಮರಳಿತು. ತೆನೆ ಕಟ್ಟುವ ಹೊತ್ತಿನಲ್ಲಿ ಎರಡು ಗಂಟೆಯ ಕರೆಂಟ್ ಎಂದರೆ ಭತ್ತದ ಗದ್ದೆಗೆ ಏನೆಂಬುದು ಬೆಳೆದವರಿಗೇ ಗೊತ್ತು.

ಕಲ್ಲಿದ್ದಲು ನಮ್ಮ ನೆಲದಲ್ಲಿ ಇಲ್ಲ. ನಮ್ಮ ವಿದ್ಯುತ್ ನಿಗಮದ ಕೇಂದ್ರಗಳಿಗೆ ಅದು ತೆಲಂಗಾಣ, ಮಹಾರಾಷ್ಟ್ರ, ಒಡಿಶಾಗಳಿಂದ ಬರಬೇಕು. ಚಂದ್ರಾಪುರ ಜಿಲ್ಲೆಯ ಬರಾಂಜ್ ಗಣಿಗಳು ನಮ್ಮ ಪಾಲಿಗಿದ್ದವು; 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೇಶದ 204 ನಿಕ್ಷೇಪಗಳ ಹಂಚಿಕೆಯನ್ನು ರದ್ದುಪಡಿಸಿದಾಗ ಅವೂ ಹೋದವು. ಮರುವರ್ಷ ಮತ್ತೆ ನಿಗಮಕ್ಕೇ ಹಂಚಿಕೆಯಾದರೂ ಅಲ್ಲಿಂದ ಕಲ್ಲಿದ್ದಲು ಬರಲು ವರ್ಷಗಳೇ ಹಿಡಿದವು. ಗಣಿಯಲ್ಲಿ ಮಳೆಯಾದರೆ, ರೈಲ್ವೆಯ ರೇಕು ಸಿಗದಿದ್ದರೆ, ಸರಬರಾಜುದಾರರ ಬಾಕಿ ಉಳಿದರೆ ಶಕ್ತಿನಗರದ ಒಂದೆರಡು ಘಟಕ ನಿಲ್ಲುತ್ತವೆ. 2021ರ ಅಕ್ಟೋಬರ್‌ನಲ್ಲಿ ದೇಶಕ್ಕೆ ದೇಶವೇ ಈ ಕೊರತೆಯನ್ನು ಕಂಡಿತು. ಇಂಧನದ ಬೆಲೆ ಏರಿದರೆ ಆ ಏರಿಕೆ 'ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ' ಎಂಬ ಉದ್ದನೆಯ ಹೆಸರಿನಲ್ಲಿ ನಮ್ಮ ಬಿಲ್ಲಿಗೆ ಬರುತ್ತದೆ. ಸ್ಥಾವರ ನಿಂತಿದ್ದರೂ ಅದರ ಸ್ಥಿರ ವೆಚ್ಚವನ್ನು ಕಟ್ಟಲೇಬೇಕು. ಹಗಲಿನಲ್ಲಿ ಸೌರವಿದ್ಯುತ್ ಅಗ್ಗವಾಗಿ ಹರಿಯುವಾಗಲೂ ನಮ್ಮ ಬಿಲ್ಲು ಇಳಿಯದಿರುವುದಕ್ಕೆ ಇದೂ ಒಂದು ಕಾರಣ: ರಾತ್ರಿಗಾಗಿ ಕಾದಿಟ್ಟ ಬಾಯ್ಲರುಗಳ ಬಾಡಿಗೆಯನ್ನು ಹಗಲಿನಲ್ಲೂ ತೆರುತ್ತಿದ್ದೇವೆ.

ವಿತರಣೆಯ ವಿಚಾರಕ್ಕೆ ಬಂದರೆ ನಾನು ನನ್ನ ಪ್ರಾಂತದ ಪರ ವಕಾಲತ್ತು ವಹಿಸುವ ಉಮೇದಿನಲ್ಲಿ ಸತ್ಯವನ್ನು ಮುಚ್ಚಿಡಬಾರದು. 1957ರ ವಿದ್ಯುಚ್ಛಕ್ತಿ ಮಂಡಳಿ 1999ರಲ್ಲಿ ಪ್ರಸರಣ ನಿಗಮವಾಯಿತು. 2002ರ ಜೂನ್‌ನಲ್ಲಿ ವಿತರಣೆ ನಾಲ್ಕು ಕಂಪನಿಗಳಾಗಿ ಒಡೆಯಿತು. ನಮ್ಮ ಪಾಲಿಗೆ ಬಂದದ್ದು ಗುಲ್ಬರ್ಗಾ ವಿದ್ಯುತ್ ಸರಬರಾಜು ಕಂಪನಿ, ಜನರ ಬಾಯಲ್ಲಿ ಜೆಸ್ಕಾಂ. ಬೆಂಗಳೂರಿನ ಬೆಸ್ಕಾಂಗೆ ಸಾಫ್ಟ್‌ವೇರ್ ಕಂಪನಿಗಳು, ಮಾಲುಗಳು, ಕಾರ್ಖಾನೆಗಳು ಸಿಕ್ಕವು. ಜೆಸ್ಕಾಂಗೆ ಸಿಕ್ಕದ್ದು ಪಂಪ್‌ಸೆಟ್‌ಗಳು, ಒಂದು ಬಲ್ಬಿನ ಭಾಗ್ಯಜ್ಯೋತಿ ಮನೆಗಳು, ಬಿಲ್ಲು ಕಟ್ಟದ ಪಂಚಾಯಿತಿ ಬೀದಿದೀಪಗಳು. ಅದು ತನ್ನ ವೆಚ್ಚವನ್ನು ತನ್ನ ಗ್ರಾಹಕರಿಂದಲೇ ವಸೂಲು ಮಾಡುವುದಾದರೆ ಯಾದಗಿರಿಯ ದರ ಬೆಂಗಳೂರಿಗಿಂತ ಬಹಳ ಹೆಚ್ಚಿರಬೇಕಾಗುತ್ತಿತ್ತು. ರಾಜ್ಯಕ್ಕೆಲ್ಲ ಒಂದೇ ದರ ಸಾಧ್ಯವಾಗಿರುವುದು ಬೆಂಗಳೂರಿನ ಕೈಗಾರಿಕೆ, ವಾಣಿಜ್ಯ ಗ್ರಾಹಕರು ಹೆಚ್ಚು ತೆತ್ತು ನಮ್ಮನ್ನು ಪೊರೆಯುತ್ತಿರುವುದರಿಂದ, ಮತ್ತು ಅಗ್ಗದ ಜಲವಿದ್ಯುತ್ತಿನ ಹಂಚಿಕೆಯಲ್ಲಿ ಸರ್ಕಾರ ಹಿಂದುಳಿದ ಕಂಪನಿಗಳ ಕೈಹಿಡಿಯುತ್ತಿರುವುದರಿಂದ. ಬೆಂಗಳೂರು ಬರಿದೇ ಕಿತ್ತುಕೊಳ್ಳುತ್ತಿದೆ ಎಂಬ ವಾದ ಭಾಷಣಕ್ಕೆ ಚೆನ್ನ, ಲೆಕ್ಕಕ್ಕೆ ನಿಲ್ಲದು.

ಆದರೆ ಇದೇ ಕಾರಣಕ್ಕೆ ನನಗೆ ಭಯವಾಗುವುದು. ದೊಡ್ಡ ಗ್ರಾಹಕರು ಮುಕ್ತ ಪ್ರವೇಶದ ನಿಯಮ ಬಳಸಿ ನೇರವಾಗಿ ಸೌರ ಕಂಪನಿಗಳಿಂದ ಕೊಳ್ಳತೊಡಗಿದ್ದಾರೆ. 2022ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ವಿದ್ಯುತ್ ತಿದ್ದುಪಡಿ ಮಸೂದೆ ಒಂದೇ ಪ್ರದೇಶದಲ್ಲಿ ಹಲವು ವಿತರಕರಿಗೆ ದಾರಿ ತೆರೆಯಲು ಹೊರಟಿತ್ತು; ಅದು ಸ್ಥಾಯಿ ಸಮಿತಿಗೆ ಹೋಗಿ ಆ ಲೋಕಸಭೆಯೊಂದಿಗೇ ಮುಗಿಯಿತು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಇಂಧನ ಸಚಿವಾಲಯ ಹೊಸ ಕರಡನ್ನು ಪ್ರಕಟಿಸಿತು. ಸ್ಪರ್ಧೆಯಿಂದ ದರ ಇಳಿಯುತ್ತದೆ ಎಂಬುದು ವಾದ. ಇಳಿಯಬಹುದು, ವೈಟ್‌ಫೀಲ್ಡಿನಲ್ಲಿ. ಹುಣಸಗಿಯ ಹಳ್ಳಿಯೊಂದರ ಪಂಪ್‌ಸೆಟ್ ಗ್ರಾಹಕನಿಗಾಗಿ ಯಾವ ಖಾಸಗಿ ಕಂಪನಿ ಪೈಪೋಟಿಗೆ ಬಂದೀತು? ಹಾಲು ಕೊಡುವ ಆಕಳು ಬೇರೆಯವರ ಕೊಟ್ಟಿಗೆಗೆ, ಗೊಡ್ಡು ದನ ನಮ್ಮ ಕೊಟ್ಟಿಗೆಗೆ ಎಂದಾದರೆ ಏಕರೂಪ ದರ ಎಷ್ಟು ದಿನ ಬಾಳೀತು?

10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ 2008ರಿಂದ ವಿದ್ಯುತ್ ಉಚಿತ. ರಾಜ್ಯದಲ್ಲಿ ಅಂಥವು 30 ಲಕ್ಷಕ್ಕೂ ಹೆಚ್ಚಿವೆ. ಬಹುಪಾಲಿಗೆ ಮೀಟರ್ ಇಲ್ಲ. ಎಷ್ಟು ಬಳಕೆಯಾಯಿತೆಂಬುದು ಅಂದಾಜು. ಅಂದಾಜಿನ ಮರೆಯಲ್ಲಿ ಕಳವು, ಸೋರಿಕೆ, ಹಳೆಯ ತಂತಿಯ ನಷ್ಟ ಎಲ್ಲವೂ ರೈತನ ಹೆಸರಿಗೆ ಬರೆಸಿಕೊಳ್ಳುತ್ತವೆ. ಸಬ್ಸಿಡಿ ಘೋಷಿಸಿದ ಸರ್ಕಾರ ಹಣವನ್ನು ಮುಂಗಡವಾಗಿ ಕೊಡಬೇಕೆಂದು 2003ರ ವಿದ್ಯುತ್ ಕಾಯ್ದೆಯ 65ನೇ ಕಲಂ ಹೇಳುತ್ತದೆ. ಅದು ತಡವಾದಾಗಲೆಲ್ಲ ಕಂಪನಿ ಬಡ್ಡಿಗೆ ಸಾಲ ತರುತ್ತದೆ, ಆ ಬಡ್ಡಿಯೂ ದರಕ್ಕೆ ಸೇರುತ್ತದೆ, ಇಲ್ಲವೆ ಕಂಬ, ತಂತಿ, ಟಿ.ಸಿ.ಗಳ ದುರಸ್ತಿ ಹಿಂದೆ ಬೀಳುತ್ತದೆ. ಹಳ್ಳಿಯಲ್ಲಿ ಟಿ.ಸಿ. ಸುಟ್ಟರೆ 72 ಗಂಟೆಯೊಳಗೆ ಬದಲಿಸಬೇಕೆಂದು ಆಯೋಗದ ನಿಯಮವಿದೆ; ತಡವಾದರೆ ಗ್ರಾಹಕನಿಗೆ ಪರಿಹಾರವೂ ಉಂಟು. ನನ್ನ ಪರಿಚಯದ ಹತ್ತಾರು ರೈತರಲ್ಲಿ ಈ ಪರಿಹಾರದ ಹೆಸರು ಕೇಳಿದವರು ಒಬ್ಬರೂ ಇಲ್ಲ. 2011ರ ಜನಗಣತಿಯಲ್ಲಿ ಶೇ 51.83ರ ಸಾಕ್ಷರತೆಯೊಂದಿಗೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿದ್ದ ಜಿಲ್ಲೆಯಲ್ಲಿ ಹಕ್ಕುಗಳನ್ನು ಸುತ್ತೋಲೆಯಲ್ಲಿ ಬರೆದಿಟ್ಟರೆ ಸಾಕೇ?

ಇನ್ನು ರಾತ್ರಿ ಪಾಳಿ. ತ್ರಿಫೇಸ್ ರಾತ್ರಿ ಬಂದರೆ ರೈತ ರಾತ್ರಿಯೇ ಹೊಲಕ್ಕೆ ಹೋಗಬೇಕು. ಹಾವು, ಚೇಳು, ಹಸಿ ನೆಲ, ಹಳೆಯ ಸ್ಟಾರ್ಟರ್. ನಮ್ಮ ಹಳ್ಳಿಗಳಲ್ಲಿ ಇದರಿಂದ ಸತ್ತವರ ಸುದ್ದಿ ಒಳಪುಟದ ಎರಡು ಸಾಲಿಗಿಂತ ಮೇಲೇರುವುದಿಲ್ಲ. ಇದಕ್ಕೆ ಮದ್ದು ನಮ್ಮ ನೆತ್ತಿಯ ಮೇಲೆಯೇ ಇದೆ. ಏಪ್ರಿಲ್‌ನಲ್ಲಿ 42-43 ಡಿಗ್ರಿ ಸುಡುವ ಸೂರ್ಯನನ್ನು ಶಾಪವೆಂದು ಬೈಯುವ ಬದಲು, ಕೃಷಿ ಫೀಡರುಗಳ ಬಳಿಯೇ ಸೌರ ಘಟಕ ಹಾಕಿ ಪಂಪ್‌ಸೆಟ್‌ಗಳನ್ನು ಹಗಲಿಗೆ ತರುವುದು ಸಾಧ್ಯ. ಕೇಂದ್ರದ ಕುಸುಮ್ ಯೋಜನೆಯ 'ಸಿ' ಭಾಗ ಇದಕ್ಕೇ ಇದೆ. ನಿರಂತರ ಜ್ಯೋತಿಯಲ್ಲಿ ಊರಿನ ಫೀಡರು, ಹೊಲದ ಫೀಡರು ಬೇರೆ ಮಾಡಿದ್ದರಿಂದ ಅರ್ಧ ಕೆಲಸ ಆಗಿಯೇ ಇದೆ. ದೂರದ ಕಲ್ಲಿದ್ದಲು ತಂದು, ಉರಿಸಿ, ನೂರಾರು ಮೈಲಿ ತಂತಿಯಲ್ಲಿ ಹರಿಸಿ, ನಷ್ಟ ಕಳೆದು ಉಚಿತವಾಗಿ ಕೊಡುವುದಕ್ಕಿಂತ ಇದು ಸರ್ಕಾರದ ಬೊಕ್ಕಸಕ್ಕೂ ಹಗುರ. ಮಾತಿನ ನಡುವೆ ಹೇಳಬೇಕು: ಶಹಾಪುರ ತಾಲ್ಲೂಕಿನ ಗೋಗಿಯ ನೆಲದಡಿ ಯುರೇನಿಯಂ ಇದೆಯೆಂದು ಪತ್ತೆಯಾದಾಗ ಅಧಿಕಾರಿಗಳು, ಯಂತ್ರಗಳು, ಸುರಂಗ ಎಲ್ಲ ಎಷ್ಟು ಬೇಗ ಬಂದವು! ನೀರು ಕೆಟ್ಟೀತೆಂಬ ಅಂಜಿಕೆಯಿಂದ ಗ್ರಾಮಸ್ಥರು ಗಣಿಯನ್ನು ವಿರೋಧಿಸುತ್ತ ಬಂದಿದ್ದಾರೆ. ನೆಲದಡಿಯ ಶಕ್ತಿಗೆ ಬಂದ ಅವಸರ ನೆತ್ತಿಯ ಮೇಲಿನ ಶಕ್ತಿಗೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು.

ಗೃಹಜ್ಯೋತಿಯನ್ನು ರದ್ದು ಮಾಡಿ ಎಂದು ನಾನು ಹೇಳುತ್ತಿಲ್ಲ. ನಗರದ ಮಧ್ಯಮ ವರ್ಗದ ಕೂಟಗಳಲ್ಲಿ 'ಬಿಟ್ಟಿ ಭಾಗ್ಯ' ಎಂದು ಮೂಗು ಮುರಿಯುವವರೂ ತಮ್ಮ ಸೊನ್ನೆ ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ ಎಂಬುದು ನನಗೆ ಗೊತ್ತು, ನಾನೂ ಅವರಲ್ಲೊಬ್ಬ. ನೀತಿ ಆಯೋಗದ 2021ರ ಬಹುಆಯಾಮ ಬಡತನ ಸೂಚ್ಯಂಕದಲ್ಲಿ ಯಾದಗಿರಿ ರಾಜ್ಯದ ಅತ್ಯಂತ ಬಡ ಜಿಲ್ಲೆ. ಇಂಥ ಕಡೆ ಉಚಿತ ವಿದ್ಯುತ್ತಿಗೆ ಅರ್ಥವಿದೆ. ನನ್ನ ಆಕ್ಷೇಪ ಅಳತೆಗೋಲಿನದು. 2022-23ರ ಸರಾಸರಿಗೆ ಬದಲು ಪ್ರತಿ ಮನೆಗೂ ಒಂದು ಕನಿಷ್ಠ ಪಾಲು, 75 ಯೂನಿಟ್ಟೋ 100 ಯೂನಿಟ್ಟೋ, ನಿಗದಿಯಾಗಲಿ. ನನ್ನಂಥವನ ಪಾಲನ್ನೂ ಅಷ್ಟಕ್ಕೇ ಇಳಿಸಿದರೆ ಬೊಕ್ಕಸಕ್ಕೆ ಹೊರೆಯೇನೂ ಹೆಚ್ಚದು.

ಇನ್ನೊಂದು ಮಾತು ಬಿಸಿಲಿನದು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿಯಿದೆ. ಈ ಭಾಗದ ಬೇಸಿಗೆ ಬೆಂಗಳೂರಿನ ಬೇಸಿಗೆಯಲ್ಲ ಎಂಬುದನ್ನು ಸರ್ಕಾರ ತನ್ನ ನೌಕರರ ವಿಚಾರದಲ್ಲಿ ಒಪ್ಪಿಕೊಂಡಿದೆ. ಕಚೇರಿ ಮುಚ್ಚಿದ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಮಲಗಿದ ಬಾಣಂತಿಗೆ, ವೃದ್ಧರಿಗೆ ಫ್ಯಾನು ವಿಲಾಸದ ವಸ್ತುವಲ್ಲ ಎಂಬುದನ್ನೂ ವಿದ್ಯುತ್ತಿನ ಲೆಕ್ಕದಲ್ಲಿ ಒಪ್ಪಬೇಕಲ್ಲವೇ? ಸಂವಿಧಾನದ 371ಜೆ ವಿಧಿ ನೇಮಕಾತಿಗೂ ಸೀಟಿಗೂ ಮೀಸಲಾಗಿ ಉಳಿಯಬೇಕೆಂದೇನೂ ಇಲ್ಲ. ಎರಡು ತಿಂಗಳ ಬೇಸಿಗೆ ಪಾಲನ್ನು ಈ ಜಿಲ್ಲೆಗಳಿಗೆ ಹೆಚ್ಚಿಸಲು ಸಚಿವ ಸಂಪುಟದ ಒಂದು ತೀರ್ಮಾನ ಸಾಕು. 2024ರ ಜನವರಿಯಲ್ಲಿ 10 ಯೂನಿಟ್ ಸೇರಿಸಿದ್ದೂ ಅಂಥ ತೀರ್ಮಾನದಿಂದಲೇ.

ಬೆಂಗಳೂರು ಕಡೆಯ ಗಾಡಿ ಬಂತು. ಜನರಲ್ ಡಬ್ಬಿಯ ಬಾಗಿಲಲ್ಲಿ ನೂಕುನುಗ್ಗಲು. ಮಕ್ಕಳನ್ನು ಕಿಟಕಿಯಿಂದ ಒಳಗೆ ಕೊಟ್ಟರು. ಹಿರಿಯ ಹತ್ತಲಿಲ್ಲ. ಮಗ, ಸೊಸೆ, ಮೊಮ್ಮಕ್ಕಳನ್ನು ಬಿಡಲು ಬಂದಿದ್ದನಂತೆ. ಈ ವರ್ಷ ಆತನಿಗೆ ಮೊಣಕಾಲು ನೋವು. 'ಈ ಸಲ ಮನಿ ಬೀಗ ಹಾಕಂಗಿಲ್ರೀ, ನಾ ಒಬ್ಬನs ಇರ್ತೀನಿ. ಒಂದು ಫ್ಯಾನಿಗೆ ಎಷ್ಟು ಬರ್ತದ್ರೀ ಬಿಲ್ಲು?' ಎಂದು ಕೇಳಿದ. ದಿನಕ್ಕೆ ಇಷ್ಟು ಗಂಟೆ ಎಂದು ಲೆಕ್ಕ ಹಾಕಿ, 40 ಯೂನಿಟ್ ದಾಟುವುದಿಲ್ಲ, ಸೊನ್ನೆಯೇ ಬರುತ್ತದೆ ಎಂದೆ. ಗಾಡಿ ಕೃಷ್ಣಾ ಸೇತುವೆ ದಾಟುವಾಗ ದೂರದಲ್ಲಿ ಶಕ್ತಿನಗರದ ಚಿಮಣಿಗಳು ಹೊಗೆಯಾಡುತ್ತಿದ್ದವು.